ಬೂಷ್ಟು ಹಿಡಿದ ಗೊಬ್ಬರ

ಬಂಗಾರಪೇಟೆಯಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ನರಸಮ್ಮನ ಬಾಯಿಗೆ ಹೆದರದವರಿರಲಿಲ್ಲ. ಸೊಪ್ಪಿನ ಕಟ್ಟಿನಿಂದ ಹಿಡಿದು ಸರ್ಕಾರದವರೆಗೆ ಎಲ್ಲದಕ್ಕೂ ಅವಳದೊಂದು ಮಾತಿರುತ್ತಿತ್ತು. ಗಂಡ ಶ್ರೀನಿವಾಸಪ್ಪ ಹೋದ ಮೇಲೆ ಆ ಬಾಯಿಗೆ ಬೀಗ ಬಿತ್ತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದೂ ಅವಳ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಶ್ರೀನಿವಾಸಪ್ಪ ಕೆ.ಜಿ.ಎಫ್‌ನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದುಡಿದು, ಉಳಿದ ಹೊತ್ತನ್ನೆಲ್ಲ ಅರ್ಧ ಎಕರೆ ಟೊಮೆಟೊ ತೋಟಕ್ಕೆ ಸುರಿಯುತ್ತಿದ್ದವನು. ಸತತ ಎರಡು ಬೆಳೆ ಸೊರಗು ರೋಗಕ್ಕೆ ಹೋದವು. ಜಮೀನಿನಲ್ಲಿ ಪಾಲಿದ್ದ ತಮ್ಮ ಕೋದಂಡಪ್ಪ, ಮೇಲುಮಣ್ಣನ್ನು ಇಟ್ಟಿಗೆ ಗೂಡಿಗೆ ಕೊಟ್ಟುಬಿಡೋಣ ಎಂದು ಹಟ ಹಿಡಿದ. ಮಣ್ಣೇ ಹೋದರೆ ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಇನ್ನೊಂದೇ ಒಂದು ಬೆಳೆ ನೋಡುತ್ತೇನೆ ಎಂದ ಅಣ್ಣ, ರಾಬರ್ಟ್‌ಸನ್‌ಪೇಟೆಯಲ್ಲಿ ಬೀಜದಂಗಡಿ ಇಟ್ಟಿರುವ ಕಲ್ಪನಳಿಂದ ಟ್ರೈಕೋಡರ್ಮಾ ಪುಡಿ ತಂದ. ಮಣ್ಣಿನಲ್ಲಿದ್ದು ಬೇರಿನ ರೋಗವನ್ನು ತಿನ್ನುವ ಒಳ್ಳೆಯ ಬೂಷ್ಟು ಅದು. ಹಳೆಯ ಕೊಟ್ಟಿಗೆ ಗೊಬ್ಬರಕ್ಕೆ ಬೆಲ್ಲದ ನೀರಿನೊಂದಿಗೆ ಅದನ್ನು ಕಲಸಿ, ಹಿತ್ತಲ ಹುಣಸೆಮರದ ನೆರಳಲ್ಲಿ ರಾಶಿ ಹಾಕಿ ಗೋಣಿಚೀಲ ಹೊದಿಸಿದ. ಹೆಂಡತಿ ಏನೆಂದು ಕೇಳಿದ್ದಕ್ಕೆ, "ಗೆದ್ಮೇಲೆ ಯೋಳ್ತೀನಿ" ಅಂದ. ಈ ಗಂಡಸರ ಗುಟ್ಟಿಗೆ ಏನೆನ್ನಬೇಕೋ! ಮೂರನೆಯ ದಿನ ಬಸ್ಸಿಗೆ ಕಾಯುತ್ತಿದ್ದಲ್ಲೇ ಎದೆ ಹಿಡಿದು ಕುಸಿದುಬಿದ್ದ.

ಹನ್ನೊಂದನೆಯ ದಿನ ಸೂತಕ ಕಳೆಯುವಾಗ ಮನೆಯಲ್ಲಿ ಹಳಸಿದ್ದು, ಬೂಷ್ಟು ಹಿಡಿದದ್ದು ಏನೂ ಇರಬಾರದು ಎಂಬುದು ಆ ಮನೆತನದ ಪದ್ಧತಿ. ನರಸಮ್ಮ ಗೋಣಿ ಎತ್ತಿ ನೋಡಿದರೆ ಗೊಬ್ಬರದ ಮೈತುಂಬ ಹಸಿರು ಬೂಷ್ಟು. ಏನೂ ಯೋಚಿಸದೆ ಎಳೆದು ಬಿಸಿಲಿಗೆ ಹರಡಿದಳು, ಮೇಲೆ ಬ್ಲೀಚಿಂಗ್ ಪೌಡರ್ ಎರಚಿದಳು. ಕೈ ಕೆಲಸ ಮಾಡುತ್ತಿತ್ತು, ಅಷ್ಟೇ.

ನಾಲ್ಕು ದಿನ ಬಿಟ್ಟು ಕಲ್ಪನ ಮಾತನಾಡಿಸಲು ಬಂದಳು. ಹಿತ್ತಲು ನೋಡಿ, "ರಾಶಿ ಎಲ್ಲಕ್ಕಾ?" ಅಂದಳು.

"ಬೂಷ್ಟು ಇಡಿದಿತ್ತಮ್ಮ. ಬಿಸ್ಲಿಗಾಕ್ದೆ."

"ಆ ಹಸಿರು ಬರ್ಲಿ ಅಂತಾನೇ ಅಣ್ಣ ಕಾಯ್ತಿದ್ದಿದ್ದು ಅಕ್ಕಾ. ಅದೇ ಔಷಧಿ."

ಬೇರೆಯವಳಾಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ನರಸಮ್ಮ "ಊಂ" ಅಂದಳು. ಗಂಡನ ಕೊನೆಯ ಕೆಲಸವನ್ನು ತನ್ನ ಕೈಯಾರೆ ಕೊಂದೆ ಎಂದು ತಿಳಿಯಿತು, ಆದರೆ ಅದು ಯಾರದೋ ಮನೆಯ ಸುದ್ದಿಯಂತೆ ಕಿವಿಯಲ್ಲೇ ನಿಂತಿತು.

ಕಲ್ಪನ ಸುಮ್ಮನಿರಲಿಲ್ಲ. ಮರದ ಬೇರಿನ ಸಂದಿಯಲ್ಲಿ ಬಿಸಿಲು ತಾಕದೆ ಉಳಿದಿದ್ದ ಒಂದು ಬೊಗಸೆ ಹಸಿರು ಗೊಬ್ಬರವನ್ನು ಕೆರೆದು ತೆಗೆದಳು. "ಇಷ್ಟು ಸಾಕಕ್ಕಾ. ಹಾಲಿಗೆ ಹೆಪ್ಪು ಹಾಕ್ದಂಗೆ." ಇಬ್ಬರೂ ಸೇರಿ ಬೇರೆ ಗೊಬ್ಬರ ತಂದು, ಬೆಲ್ಲದ ನೀರು ಚಿಮುಕಿಸಿ, ಮತ್ತೆ ರಾಶಿ ಮಾಡಿದರು.

ಸಂಜೆ ಕೋದಂಡಪ್ಪ ಬಂದ. "ಅತ್ತಿಗೆ, ಜೆಸಿಬಿಯೋನು ಕೇಳ್ತಾವ್ನೆ. ಮಣ್ಣು ಎತ್ತುಸ್ಲಾ?"

"ಎಂಟು ದಿನ ತಡಿ. ಬೂಷ್ಟು ಬರ್ದಿದ್ರೆ ಎತ್ಕೊಂಡೋಗು," ಅಂದಳು.

ಮಣ್ಣಿನ ಮೇಲೆ ಆಸೆ ಇತ್ತೆಂದಲ್ಲ, ಆಸೆ ಎಂಬುದೇ ಅವಳಲ್ಲಿ ಉಳಿದಿರಲಿಲ್ಲ. ಅವನು ಶುರು ಮಾಡಿದ್ದು, ಮುಗಿಯಲಿ ಎಂದಷ್ಟೇ. ದಿನಾ ಸಂಜೆ ಗೋಣಿಗೆ ನೀರು ಚಿಮುಕಿಸಿ ಒಳಗೆ ಹೋಗಿ ಗೋಡೆ ನೋಡುತ್ತಾ ಕೂರುತ್ತಿದ್ದಳು.

ಒಂಬತ್ತನೆಯ ದಿನ ಬೆಳಗ್ಗೆ ಕೋದಂಡಪ್ಪ ಫೋನ್ ಹಿಡಿದೇ ಬಂದು ನಿಂತ. ನರಸಮ್ಮ ಗೋಣಿ ಎತ್ತಿದಳು. ರಾಶಿಯ ತುದಿಯಿಂದ ಬುಡದವರೆಗೂ ಹಸಿರು ಹಬ್ಬಿತ್ತು. ಎದುರಿಗಿದ್ದ ಮೈದುನನನ್ನು ಬಿಟ್ಟು ಅವಳು ಮನೆಯ ಹಿಂಬಾಗಿಲಿನ ಕಡೆ ತಿರುಗಿ, "ಬಂದೈತೆ ಕಣಯ್ಯಾ, ಬಂದು ನೋಡು," ಎಂದು ಕೂಗಿದಳು.

ಒಳಗಿಂದ ಯಾರೂ ಬರಲಿಲ್ಲ. ಯಾರನ್ನು ಕರೆದೆ ಎಂದು ಅವಳಿಗೆ ಆಗ ಹೊಳೆಯಿತು.

ಕೋದಂಡಪ್ಪ ಫೋನು ಕಿವಿಗಿಟ್ಟು, "ಬರಬ್ಯಾಡ ಕಣ್ಲಾ, ಮಣ್ಣು ಕೊಡಲ್ಲ," ಅಂದ. ನರಸಮ್ಮ ರಾಶಿಯ ಪಕ್ಕದಲ್ಲೇ ಕುಸಿದು ಕೂತು, ಬೀದಿಗೆಲ್ಲ ಕೇಳುವಂತೆ ಅತ್ತಳು.