ಹೂವು ಎಡಕ್ಕೆ ಬಿದ್ದಾಗ

ದೇವಸಮುದ್ರದ ಕಡೆಯ ಆ ಹಳ್ಳಿಗೆ ಬೆಳಗಿನ ಬಸ್ಸಿನಲ್ಲಿ ಒಂದೇ ಪೇಪರು ಬರುತ್ತದೆ. ಅದನ್ನು ಮೊದಲು ಬಿಚ್ಚುವವನು ಬೊಮ್ಮಲಿಂಗಪ್ಪ. ಗಾದ್ರಪ್ಪನ ಹೋಟ್ಲಿನ ಬೆಂಚಿನ ಮೇಲೆ ಕುಳಿತರೆ ಈಜಿಪ್ಟು, ಟರ್ಕಿ, ಪಾಕಿಸ್ತಾನಗಳೆಲ್ಲ ತನ್ನ ಶೇಂಗಾ ಹೊಲದ ಬದುವಿನಾಚೆಗೇ ಇವೆ ಎಂಬಂತೆ ಮಾತಾಡುತ್ತಾನೆ.

“ಸಾಬರ ದೇಶದಾಗೆ ಡೆಮಾಕ್ರಸಿ ಬೇರು ಬಿಡಾಕಿಲ್ಲ ಕಣಲೇ,” ಎಂದ ಅವತ್ತು. “ಜನ ಓಟು ಹಾಕ್ತಾರೆ, ಮುಲ್ಲಾ ಬಂದು ಅಳಿಸ್ತಾನೆ. ಮುಲ್ಲಾ ಬಿಟ್ರೆ ಮಿಲಿಟ್ರಿ. ದೇವ್ರು ಬೇರೆ, ಓಟು ಬೇರೆ ಅಂತ ಅವ್ರಿಗೆ ತಿಳಿಯಾಕಿಲ್ಲ.”

“ಇಂಡೋನೇಷ್ಯಾದಾಗೆ ಸರಿಯಾಗಿ ಓಟು ನಡೀತೈತೆ ಅಂತ ನೀನೇ ಓದಿದ್ದಲ್ಲೋ?” ಗಾದ್ರಪ್ಪ ಟೀ ಸೋಸುತ್ತಾ ಕೇಳಿದ.

“ಅದು ದ್ವೀಪ. ದ್ವೀಪದ ಲೆಕ್ಕ ಬೇರೆ.”

ಬಳೆ ಮಾರುವ ಸಾಬರ ಕೇರಿಯ ಪಾತಮ್ಮ ಬುಟ್ಟಿ ಇಳಿಸಿ ಟೀ ಕುಡಿಯುತ್ತಿದ್ದಳು. “ಆ ದೇಶಗಳು ನಂಗೆ ಗೊತ್ತಿಲ್ಲಣ್ಣ. ಮದುವೆಯಾಗಿ ಈ ಊರಿಗೆ ಬಂದಾಗಿಂದ ಪಂಚಾಯ್ತಿ ಓಟು ಒಂದ್ಸಾರಿನೂ ಹಾಕಿಲ್ಲ. ಹಾಕಿ ನೋಡಾಣ ಅಂತ ಆಸೆ.”

“ನಮ್ಮೂರಾಗೆ ಎಲ್ಲಾ ಅವಿರೋಧ ಪಾತಮ್ಮ,” ಎಂದ ಬೊಮ್ಮಲಿಂಗಪ್ಪ. “ ಜಗಳ ಇಲ್ಲ, ಗಲಾಟೆ ಇಲ್ಲ. ನಮ್ದು ಬೆಳೆದ ಡೆಮಾಕ್ರಸಿ.”

ಬೆಳೆದದ್ದು ಹೀಗೆ: ಚುನಾವಣೆ ಬಂದಾಗ ಹಿರಿಯರು ಮಾರಮ್ಮನ ಗುಡಿಯಲ್ಲಿ ಸೇರಿ ಅಮ್ಮನನ್ನು ಹೂವು ಕೇಳುತ್ತಾರೆ. ಅಮ್ಮ ಯಾರಿಗೆ ಹೂವು ಕೊಟ್ಟಳೋ ಅವರೇ ಮೆಂಬರು. ಉಳಿದವರು ನಾಮಪತ್ರ ವಾಪಸ್ ತೆಗೆಯುತ್ತಾರೆ. ಅಮ್ಮ ಇದುವರೆಗೆ ಹಿರಿಯರ ಮಾತು ಮೀರಿದವಳಲ್ಲ.

ಈ ಸಾರಿ ಹೆಣ್ಣುಮಕ್ಕಳ ಮೀಸಲು ಬಂತು. ಹಿರಿಯ ಹುಲಿಯಪ್ಪನ ಸೊಸೆ ರಾಧಮ್ಮ ಎಂದು ಮೊದಲೇ ತೀರ್ಮಾನವಾಗಿತ್ತು. ಅಷ್ಟರಲ್ಲಿ ಬೊಮ್ಮಲಿಂಗಪ್ಪನ ಹೆಂಡತಿ ಯರ್ರಮ್ಮ, ತಮ್ಮ ಕೇರಿಗೆ ನಲ್ಲಿ ನೀರು ತರಬೇಕೆಂದು, ಪಾತಮ್ಮನನ್ನೇ ಸೂಚಕಿ ಮಾಡಿಕೊಂಡು ಹೋಗಿ ನಾಮಪತ್ರ ಕೊಟ್ಟು ಬಂದಿದ್ದಳು.

“ಲೇ ಬೊಮ್ಮಲಿಂಗ, ದೇಶ ದೇಶಕ್ಕೆ ಬುದ್ಧಿ ಹೇಳ್ತೀಯ, ಹೆಂಡ್ತಿಗೆ ಹೇಳಾಕಾಗಲ್ವಾ?” ಎಂದ ಹುಲಿಯಪ್ಪ.

ಬೊಮ್ಮಲಿಂಗಪ್ಪ ಮನೆಗೆ ಬಂದು ಊರಿನ ಒಗ್ಗಟ್ಟಿನ ಬಗ್ಗೆ ಬಹಳ ಹೊತ್ತು ಮಾತಾಡಿದ. ಯರ್ರಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಪೂರಾ ಕೇಳಿಸಿಕೊಂಡಳು.

“ಅಮ್ಮನ್ನೇ ಕೇಳ್ರಿ. ಅಮ್ಮ ಬ್ಯಾಡಂದ್ರೆ ವಾಪಸ್ ತಗಂತೀನಿ.”

ಮರುದಿನ ಬೆಳಗ್ಗೆ ಪೂಜಾರಿ ಯರ್ರಪ್ಪ ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿದ. ರಾಧಮ್ಮನಾದರೆ ಬಲಕ್ಕೆ, ಯರ್ರಮ್ಮನಾದರೆ ಎಡಕ್ಕೆ. ಮಂಗಳಾರತಿಯ ಗಂಟೆ ನಿಲ್ಲುವ ಮೊದಲೇ ಎಡದ ಹೂವು ಬಿತ್ತು.

“ಗಾಳಿ,” ಎಂದ ಹುಲಿಯಪ್ಪ. “ಬಾಗ್ಲು ಹಾಕಿ ಇನ್ನೊಂದ್ಸಾರಿ ಕೇಳು.”

ಬಾಗಿಲು ಹಾಕಿದರು. ಮತ್ತೆ ಎಡದ್ದೇ ಬಿತ್ತು.

“ಹೂವು ಜಾಸ್ತಿ ನೆಂದೈತೆ.”

ಮೂರನೆಯ ಸಾರಿ ಪೂಜಾರಿ ಎಡದ ಹೂವನ್ನು ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿದ. ಬಲದ್ದಕ್ಕೆ ಬೆರಳು ತಾಗಿಸಿದನಷ್ಟೆ. ಬಲದ್ದು ಬಿತ್ತು. “ಅಮ್ಮ ಕೊಟ್ಟಳು,” ಎಂದು ಹಿರಿಯರೆಲ್ಲ ಕೆನ್ನೆ ಬಡಿದುಕೊಂಡರು. ಬೊಮ್ಮಲಿಂಗಪ್ಪನೂ ಬಡಿದುಕೊಂಡ.

ಯರ್ರಮ್ಮ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿ ಎದ್ದಳು. “ಅಮ್ಮ ಎರಡು ಸಾರಿ ನಂಗೇ ಕೊಟ್ಟಳು. ಅವಳ ಮಾತು ಮೀರಿ ನಾನು ವಾಪಸ್ ತಗಳ್ಳಾಕಿಲ್ಲ.”

ಗುಡಿಯಲ್ಲಿದ್ದವರೆಲ್ಲ ಬೊಮ್ಮಲಿಂಗಪ್ಪನ ಕಡೆ ತಿರುಗಿದರು. ಏನಾದರೂ ಹೇಳಲೇಬೇಕಿತ್ತು. ಹೋಟ್ಲಿನ ಬೆಂಚಿನ ಅಭ್ಯಾಸ, ಬಾಯಿ ತಾನೇ ತೆರೆಯಿತು.

“ಮೂರರಾಗೆ ಎರಡು ಅಂದ್ರೆ... ಬಹುಮತ.”

ಹುಲಿಯಪ್ಪ ಅವನ ಜೊತೆ ಮಾತು ಬಿಟ್ಟ. ಊರಿಗೆ ಮತಪೆಟ್ಟಿಗೆ ಬರುವುದು ಖಾತ್ರಿಯಾಯಿತು.

ಅಲ್ಲಿಂದ ಅವನಿಗೆ ಪೇಪರು ಓದಲು ಪುರಸೊತ್ತಿಲ್ಲ. ಹೆಂಡತಿಯ ಹಿಂದೆ ಮನೆಮನೆಗೆ ತಿರುಗುವ ಕೆಲಸ ಬಿತ್ತು. ಪಾತಮ್ಮನ ಮನೆಯನ್ನು ಬಿಟ್ಟು ಮುಂದೆ ಹೋಗೋಣ, ಆ ಓಟು ನಮ್ಮದೇ ಎಂದುಕೊಂಡಿದ್ದ. ಆದರೂ ಬಾಗಿಲಲ್ಲಿ ನಿಂತು ಕೇಳಿದ.

“ನಿಂದಂತೂ ಗ್ಯಾರಂಟಿ ಅಲ್ವಾ ಪಾತಮ್ಮ? ನೀನೇ ಸೂಚಕಿ.”

“ನಿಲ್ಲಲಿ ಅಂತ ಸೈನ್ ಹಾಕ್ದೆ ಅಣ್ಣ. ಓಟು ಯೋಚ್ನೆ ಮಾಡಿ ಹಾಕ್ತೀನಿ. ನಿನ್ನೆ ರಾಧಮ್ಮನೂ ಬಂದಿದ್ಲು, ಪಾಪ, ಚೆನ್ನಾಗೇ ಮಾತಾಡಿದ್ಲು.”

ಬೊಮ್ಮಲಿಂಗಪ್ಪನ ಮುಖ ಕೆಂಪಾಯಿತು. ಒಂದು ದೊಡ್ಡ ಮಾತು ನಾಲಿಗೆ ತುದಿಗೆ ಬಂದಿತ್ತು. ಪಕ್ಕದಲ್ಲಿದ್ದ ಯರ್ರಮ್ಮ ಅವನ ತೋಳು ಮುಟ್ಟಿದಳು.

“ಕೈ ಮುಗೀರಿ,” ಎಂದಳು ಮೆಲ್ಲಗೆ.

ಅವನು ಮುಗಿದ.