ಮುತ್ಯಾ ನೇಯ್ದ ಬಿಷಪ್ಪರ ಕುರಿ

ಒಂದು ವಾಸನೆ ಮೂಗಿಗೆ ಬಡಿದ ಕೂಡಲೇ ಹೊಡೆದಾಟದ ಸದ್ದು ಕೇಳಿಸಿದ್ದುಂಟೇ ನಿಮಗೆ? ಹುಣಸೆ ಬೀಜದ ಗಂಜಿ ಕುದಿಯುವ ವಾಸನೆ ಬಂದರೆ ಸಾಕು, ನನಗೆ ಕೊಡಲಿ ಮಗ್ಗಕ್ಕೆ ಬಿದ್ದ ಸದ್ದು ಕೇಳುತ್ತದೆ. ಸೋನ್ಯಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಮುತ್ಯಾ, ಅಂದರೆ ನನ್ನ ಅಜ್ಜ, ಕಂಬಳಿ ನೇಯುತ್ತಿದ್ದ. ನೂಲಿಗೆ ಬಿರುಸು ಬರಲೆಂದು ಆಯಿ, ನನ್ನ ಅಜ್ಜಿ, ಆ ಗಂಜಿ ಹಚ್ಚುತ್ತಿದ್ದಳು. ಒದ್ದೆ ಉಣ್ಣೆ, ಗಂಜಿ, ಹಿತ್ತಲ ಹಟ್ಟಿಯ ಕುರಿ ಹಿಕ್ಕೆ, ಈ ವಾಸನೆಯಲ್ಲೇ ಬೆಳೆದ ಹುಡುಗಿ ನಾನು.

ನಮ್ಮೂರನ್ನು ಆಳುತ್ತಿದ್ದ ಜತ್ತ ಸಂಸ್ಥಾನ ವಿಲೀನವಾಗಿ ನಾಲ್ಕಾರು ವರ್ಷವಾಗಿತ್ತು. ಮಿಶನ್ ದವಾಖಾನೆಯ ಪಾದ್ರಿ ಒಂದು ಚಿತ್ರ ಹಿಡಿದು ಬಂದರು. ಅವರ ಬಿಷಪ್ಪರು ಬರುವವರಿದ್ದರು, ಅವರದೇ ಲಾಂಛನವಿರುವ ಕಂಬಳಿ ಹೊದಿಸಬೇಕಂತೆ. ಗುರಾಣಿ, ಮೇಲೆ ಹಸಿರು ಟೋಪಿ, ಎರಡೂ ಬದಿಗೆ ಇಳಿಬಿದ್ದ ಗೊಂಡೆಗಳು. ಗುರಾಣಿಯೊಳಗೆ ಬಿಳಿ ಕುರಿಮರಿ, ಅದರ ಎದೆಯಿಂದ ಬಟ್ಟಲಿಗೆ ಸುರಿಯುವ ರಕ್ತ. ಗೊಂಡೆಗಳು ದರ್ಜೆ ಹೇಳುತ್ತವೆ, ಬಿಷಪ್ಪರೆಂದರೆ ಮಂದಿಯನ್ನು ಕಾಯುವ ಕುರುಬರು ಎಂದು ಪಾದ್ರಿ ವಿವರಿಸಿದರು. ಮುತ್ಯಾ ಮಾತು ಕೊಟ್ಟ.

ಪಾದ್ರಿ ಹೋದ ಮೇಲೆ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ನಕ್ಕ. "ಗೊಂಡ್ಯಾಲೆ ದೊಡ್ಡವ್ರಾಗತಾರಂದ್ರ ನಮ್ಮ ಟಗರಿನ ಕೊಳ್ಳಾಗೂ ಅದಾವಲ್ಲೋ ಯಪ್ಪಾ. ಅದಕ್ಕೂ ಕೈ ಮುಗಿ!"

"ಬಾಯಿ ಮುಚ್ಚಲೇ. ಕುರಿ ಕಾಯಾವ್ರಂದ್ರ ನಮ್ಮ ಪೈಕಿನ ಆದ್ರು" ಎಂದ ಮುತ್ಯಾ.

ಮಗ್ಗದ ಮೇಲೆ ಕುರಿಯ ಎದೆ ಮೂಡಿ ಕೆಂಪು ನೂಲು ಬೀಳುವ ಹೊತ್ತಿಗೆ ನಮ್ಮ ಹಟ್ಟಿಗೆ ಬೇನೆ ಬಂತು. ಕುರಿಗಳು ಮೂಗಿನಲ್ಲಿ ರಕ್ತ ಸುರಿಸಿ ಬೀಳತೊಡಗಿದವು. ಮರಿಗಳು ಸತ್ತ ತಾಯಿಯ ಕೆಚ್ಚಲು ಜಗ್ಗುತ್ತಿದ್ದವು, ಕಾಕಾ ಮರಿಗಳ ಕಾಲು ಹಿಡಿದು ಎಳೆದು ದೂರ ಒಗೆಯುತ್ತಿದ್ದ. ಒಂದು ಬೆಳಿಗ್ಗೆ ಅವನು ಮುದ್ದಿನಿಂದ ಸಾಕಿದ ಟಗರೂ ಸತ್ತಿತು. ಕಾಕಾ ಕೊಡಲಿ ಹಿಡಿದು ಪಡಸಾಲೆಗೆ ನುಗ್ಗಿದ.

"ನಮ್ಮ ಕುಲದೇವ್ರು ಬೀರಪ್ಪಗ ಸಲ್ಲೂ ರಕ್ತ ಅವರ ಬಟ್ಟಲಕ್ಕ ಹಾಕೀದಿ. ಅದಕ್ಕ ದೇವರು ಹಟ್ಟಿ ಬರಿದು ಮಾಡಾಕತ್ತಾನ. ಸರಿ ಅತ್ಲಾಗ!"

"ಮಾತು ಕೊಟ್ಟೇನಿ. ಕಡಿಯೂದಾದ್ರ ಮೊದಲ ನನ್ನ ಕಡಿ."

ಮುತ್ಯಾ ಕುರಿಯ ಮೇಲೆ ಅಂಗೈ ಚಾಚಿದ. ಕೊಡಲಿ ಬಿತ್ತು. ಎರಡು ಬೆರಳು ನೂಲಿನಲ್ಲೇ ಸಿಕ್ಕಿ ಉಳಿದವು. ಆಯಿ ಒಲೆಯ ಮೇಲಿದ್ದ ಗಂಜಿಯ ಗಡಿಗೆಯನ್ನೇ ಎತ್ತಿ ಮಗನ ಮೇಲೆ ಸುರಿದಳು. ಅವನ ಕೊರಳಿನ ಚರ್ಮ ಸುಲಿದು ಬಂತು.

ಪಟ್ಟಿ ಕಟ್ಟಲು ಬಂದ ಪಾದ್ರಿಯನ್ನು ಮುತ್ಯಾ ಕೇಳಿದ್ದು ಒಂದೇ ಮಾತು. "ಆ ಕುರಿ ಯಾವ ದೇವರಿಗಿ ಬಲಿರಿ?"

"ಬಲಿ ಕೇಳೂ ಕುರಿ ಅಲ್ಲರಿ ಅದು. ಇನ್ನೊಬ್ಬರ ರಕ್ತ ಚೆಲ್ಲಬಾರದಂತ ತನ್ನ ರಕ್ತ ತಾನ ಕೊಡತೈತಿ."

"ಗೊಂಡೆ, ಟೋಪಿ ಎಲ್ಲಾ ಹೇಳಿದ್ರಿ. ಇದನ್ಯಾಕ ಹೇಳಲಿಲ್ಲ?"

"ಕುರಿ ನಿಮಗ ಗೊತ್ತೇ ಇರತದ ಅನ್ಕೊಂಡೆ" ಎಂದು ಪಾದ್ರಿ ತಲೆ ತಗ್ಗಿಸಿದರು.

ಊರಿನ ಪೊಲೀಸ್ ಪಾಟೀಲರು ಬಂದು ಕೇಳಿದಾಗ, "ಕಟ್ಟಿಗಿ ಒಡ್ಯಾಕ ಹೋಗಿ ನಾನ ಕಡಕೊಂಡೆ" ಎಂದ ಮುತ್ಯಾ. ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡ ಕಾಕಾ ಮಾರನೆಯ ದಿನ ಉಳಿದ ಕುರಿಗಳನ್ನು ಹೊಡೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಆ ಮನೆ ಈಗಿಲ್ಲ, ಅಲ್ಲಿದ್ದವರೂ ಇಲ್ಲ. ಇರುವ ತನಕ ಮುತ್ಯಾ ಕಟ್ಟೆಯ ಮೇಲೆ ಕೂತು, ಯಾವ ಹಿಂಡು ಹಾದುಹೋದರೂ ಮೊದಲು ಕುರುಬನ ಕೊರಳು ನೋಡುತ್ತಿದ್ದ.

ಕೊರಳ ತುಂಬ ಸುಟ್ಟ ಕಲೆಯಿದ್ದ ಕುರುಬನೊಬ್ಬನ ಸುದ್ದಿಯನ್ನು ನಿಮ್ಮ ಹಿರಿಯರು ಯಾವಾಗಲಾದರೂ ಹೇಳಿದ್ದರೆ ಇಲ್ಲಿ ಬರೆಯಿರಿ. ನಿಮ್ಮ ಮನೆಯಿಂದಲೂ ಹೀಗೆ ಎದ್ದು ಹೋದವರಿದ್ದರೆ, ಅವರ ಬಗ್ಗೆಯೂ ಬರೆಯಿರಿ. ಓದುತ್ತೇನೆ.