ಕುಳ್ಳಯ್ಯನ ಚಾಕು, ಹೊನ್ನಪ್ಪನ ಕಾವು

ಪಾಂಡವಪುರದಲ್ಲಿ ನನ್ನ ಸೈಕಲ್ ಶಾಪಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕುಳ್ಳಯ್ಯ ಚಾಕು ಮಾಡುತ್ತಿದ್ದ. ಹೆಸರಿಗೆ ಕುಳ್ಳಯ್ಯ, ಆಸಾಮಿ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು. ನಾಗಮಂಗಲದ ಕಡೆಯವನು. ಮರದ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದಿಮ್ಮಿ ಕೊಯ್ದು, ಹೊಟ್ಟಿನ ಧೂಳಿಗೆ ಕೆಮ್ಮು ಹತ್ತಿದ ಮೇಲೆ ಬಿಟ್ಟು ಬಂದಿದ್ದ. ಮಿಲ್ಲಿನಲ್ಲಿ ಮುರಿದ ಗರಗಸದ ಬ್ಲೇಡು, ರೈತರು ಬಿಸಾಕಿದ ಕುಡುಗೋಲು, ಸವೆದ ಗುದ್ದಲಿ, ಅವುಗಳಿಗೆ ಸಿಕ್ಕಿಸಿದ ಮರದ ಕಾವು, ಇವೇ ಅವನ ಬಂಡವಾಳ. ಹಿಡಿಗೆ ಹೊಡೆಯುವ ಮೊಳೆಗೆ ನನ್ನ ಅಂಗಡಿಯ ಮುರಿದ ಸ್ಪೋಕ್ಸ್ ಕಡ್ಡಿ.

ಹೊಸ ಮರವನ್ನು ಅವನು ಮುಟ್ಟುತ್ತಿರಲಿಲ್ಲ. "ಹೊಸ ಮರ ಬೊಬ್ಬೆ ಎಬ್ಬಿಸ್ತದೆ ಕಣ್ಲಾ. ಇಪ್ಪತ್ ವರ್ಸ ಕೈಯಾಡಿರೋ ಕಾವು ಮುಟ್ ನೋಡು, ಎಣ್ಣೆ ಸವರಿದಂಗಿರ್ತದೆ" ಅನ್ನುತ್ತಿದ್ದ. ಗಿರಾಕಿ ಬಂದರೆ ಮೊದಲು ಅಂಗೈ ತೋರಿಸಬೇಕು. ಶಾಸ್ತ್ರ ಹೇಳುವವನ ಹಾಗೆ ಕೈ ಹಿಡಿದು ನೋಡಿ, ರಾಶಿಯೊಳಗಿಂದ ಆ ಕೈಗೆ ಒಪ್ಪುವ ಕಾವು ಹುಡುಕುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತಿತ್ತು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು. ಆದರೆ ನನ್ನ ಹೆಂಡತಿ ಅವನ ಚಾಕಿಲ್ಲದೆ ಒಂದು ಈರುಳ್ಳಿ ಹೆಚ್ಚುವವಳಲ್ಲ.

ಅಂಥವನ ಕೈಯಿಂದಲೂ ಒಮ್ಮೆ ಆಗಬಾರದ ಕೆಲಸ ಒಂದು ಆಯಿತು.

ತೊಂಬತ್ತನಾಲ್ಕನೇ ಇಸವಿ. ಪಕ್ಕದ ಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಿದ್ದ ಹೊನ್ನಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು. ಅವನ ಹೆಂಡತಿ ಚಿಕ್ಕಬೋರಮ್ಮ ಶೆಡ್ಡಿಗೆ ಬಂದರು.

"ಮನೆ ಪಾಲಾಯ್ತಾ ಐತೆ ಕಣಣ್ಣ. ನಂಗೇನೂ ಬ್ಯಾಡ. ಅವ್ರ ಗುದ್ದಲಿ ಕಾವೈತಲ್ಲ, ಅವ್ರು ಹಿಡ್ಕತಿದ್ದ ಕಡೆ ಸವೆದು ತಗ್ಗಾಗೈತೆ. ಆ ತುಂಡ್ನಲ್ಲಿ ನಂಗೊಂದು ಚಾಕು ಮಾಡ್ಕೊಡು. ಸೊಪ್ಪು ಕುಯ್ಕತೀನಿ."

"ಮಾಡ್ಕೊಡ್ತೀನಿ ಕಣಕ್ಕ" ಅಂದ ಕುಳ್ಳಯ್ಯ.

ಎರಡೇ ದಿನಕ್ಕೆ ಗುದ್ದಲಿ ಬಂತು, ಆದರೆ ಆ ಹೆಂಗಸಿನ ಕೈಯಲ್ಲಲ್ಲ. ಅವರ ಮೂವರು ಗಂಡುಮಕ್ಕಳು ಹೊತ್ತು ತಂದರು. ಜೊತೆಗೆ ಪಾಲು ಮಾಡಿಸುತ್ತಿದ್ದ ಅವರ ಊರ ಯಜಮಾನ ಚಲುವಯ್ಯ. ಎತ್ತು, ಗಾಡಿ, ಹಂಡೆ, ಒರಳುಕಲ್ಲು ಎಲ್ಲ ಹಂಚಿ ಮುಗಿದಿತ್ತಂತೆ. ಉಳಿದದ್ದು ಅಪ್ಪನ ಗುದ್ದಲಿ. ಅದಕ್ಕೆ ಈ ಜಾಣರು ಕಂಡುಕೊಂಡ ದಾರಿಯೆಂದರೆ ಕಬ್ಬಿಣವನ್ನೂ ಕಾವನ್ನೂ ಕತ್ತರಿಸಿ ಮೂರು ಚಾಕು ಮಾಡಿಸುವುದು. "ಅಪ್ಪನ ಗ್ಯಾಪಕಕ್ಕೆ" ಅಂದ ಹಿರಿಯ ಶಿವಣ್ಣ. ಕಿರಿಯ ಕುಮಾರ್ ಜೇಬಿನಿಂದ ಅಳತೆ ಟೇಪು ತೆಗೆದ. ಥೂ! ಸ್ಪೋಕ್ಸ್ ಕೊಡಲು ಹೋಗಿದ್ದ ನಾನು ಅಲ್ಲೇ ಕೂತಿದ್ದೆ.

ಕಬ್ಬಿಣವನ್ನೇನೋ ಕುಳ್ಳಯ್ಯ ಕಾಯಿಸಿ ಮೂರು ಪಟ್ಟಿ ಮಾಡಿದ. ತೊಡಕು ಬಂದದ್ದು ಕಾವಿನಲ್ಲಿ. ಸವೆದು ನುಣುಪಾದ ಜಾಗ ಒಂದು ಗೇಣೂ ಇರಲಿಲ್ಲ, ಒಂದೇ ಹಿಡಿಗೆ ಆಗುವಷ್ಟು. ಹಿರಿಮಗ ನಾನು, ಅದು ನನಗೆ ಅಂದ ಶಿವಣ್ಣ. ಉಳಿದಿಬ್ಬರು ಬಿಟ್ಟಾರೆಯೇ? ಶೆಡ್ಡು ಹಾರಿಹೋಗುವ ಹಾಗೆ ಕೂಗಾಡಿದರು.

"ಅದ್ನ ನಿಮ್ಮವ್ವ ಕೇಳವ್ರೆ ಕಣ್ರಪ್ಪ, ನಾನು ಒಪ್ಕಂಡಿವ್ನಿ" ಅಂದ ಕುಳ್ಳಯ್ಯ. "ಮಿಕ್ಕಿದ್ರಲ್ಲಿ ಮೂರು ಹಿಡಿ ಧಾರಾಳವಾಗಿ ಆಯ್ತವೆ."

ನಡುವಿನವನು ರವೀಂದ್ರ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಅವ್ವ ಇರದು ಅಣ್ಣನ ಮನೇಲಿ. ಅವ್ವಂಗೆ ಒಂದು ಕೊಟ್ರೆ ಆ ಮನೆಗೆ ಎರಡು ಚಾಕು ಆಗಾಕಿಲ್ವಾ?"

ನನಗೆ ನಗು ಬಂತು. ನೋಡಿದರೆ ಬೇರೆ ಯಾರೂ ನಗುತ್ತಿಲ್ಲ. ಚಲುವಯ್ಯ ಎಲೆ ಅಡಿಕೆ ಉಗಿದು ಬಂದು ತೀರ್ಪು ಕೊಟ್ಟರು. "ಅವ್ನು ಹೇಳದ್ರಲ್ಲೂ ನ್ಯಾಯ ಐತೆ. ಪಾಲು ಅಂದ್ಮ್ಯಾಲೆ ಒಂದೇ ಸಮ ಇರ್ಬೇಕು. ಆ ತುಂಡು ಯಾರ್ಗೂ ಬ್ಯಾಡ. ಒಲೆಗಾಕ್ಬುಡ್ಲಾ ಕುಳ್ಳಯ್ಯ."

ಕುಳ್ಳಯ್ಯ ತುಂಡು ಹಿಡಿದು ನಿಂತ. ಬೆರಳುಗಳು ಆ ತಗ್ಗಿನಲ್ಲಿ ತಾವಾಗಿಯೇ ಕೂತಿದ್ದವು. ನನ್ನ ಮುಖ ನೋಡಿದ. ನಾನು ಒಂದು ಮಾತು ಆಡಬಹುದಿತ್ತು. ಆದರೆ ಚಲುವಯ್ಯನ ಊರಿನವರೇ ನನ್ನ ಅಂಗಡಿಗೆ ಬರುವ ಅರ್ಧ ಜನ. ಕೈಯಲ್ಲಿದ್ದ ಸ್ಪೋಕ್ಸ್ ಕಡ್ಡಿಗಳನ್ನು ಎಣಿಸುವವನ ಹಾಗೆ ತಲೆ ಬಗ್ಗಿಸಿದೆ. ತಲೆ ಎತ್ತಿದಾಗ ತುಂಡು ಒಲೆಯಲ್ಲಿತ್ತು.

ಜಾಲಿ ಮರ, ಚೆನ್ನಾಗಿಯೇ ಹತ್ತಿಕೊಂಡಿತು. "ಉರಿ ಯಾಕೆ ದಂಡ ಮಾಡೀಯೆ ಕುಳ್ಳಣ್ಣ, ವಸಿ ಟೀಗಿಡು" ಅಂದ ಕುಮಾರ್. ಟೀ ಆಯಿತು. ಎಲ್ಲರೂ ಕುಡಿದೆವು.

ಸಂಜೆಯೊಳಗೆ ಮೂರು ಚಾಕು ಆದವು. ಟೇಪು ಹಿಡಿದು ಅಳೆದರು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಮೂರು ಹಿಡಿಗಳೂ ಅವರಪ್ಪ ಒಂದು ದಿನವೂ ಕೈಯಿಟ್ಟಿರದ ಜಾಗದ ಮರ. ಅದು ಅವರಿಗೆ ಹೊಳೆಯಲೂ ಇಲ್ಲ. ಅಣ್ಣತಮ್ಮಂದಿರು ಸಮಾಧಾನವಾಗಿ ಮನೆಗೆ ಹೋದರು.

ಮೂರನೇ ದಿನ ಚಿಕ್ಕಬೋರಮ್ಮ ಬಂದರು, ಮಡಿಲಲ್ಲಿ ಕುಳ್ಳಯ್ಯನಿಗೆಂದು ಒಂದು ಹಿಡಿ ದಂಟಿನ ಸೊಪ್ಪು. ಮೂರು ಚಾಕು ಬಂದದ್ದನ್ನು ಕಂಡಿದ್ದರು. ತಮ್ಮದನ್ನು ಕುಳ್ಳಯ್ಯ ಬೇರೆ ಎತ್ತಿಟ್ಟಿದ್ದಾನೆ ಅಂತಲೇ ತಿಳಿದಿದ್ದರು. "ನಂದು ಕೊಡಣ್ಣ" ಅಂದರು.

ರಾಶಿಯಲ್ಲಿ ಸವೆದ ಕಾವುಗಳು ಬೇಕಾದಷ್ಟಿದ್ದವು. ಒಂದನ್ನು ತೋರಿಸಿ, ಇದೇ ಹೊನ್ನಪ್ಪನದು, ನಾಳೆ ಮಾಡಿಕೊಡುತ್ತೇನೆ ಅಂದಿದ್ದರೆ ಮುಗಿದಿತ್ತು. ನಾನು ಕಣ್ಸನ್ನೆ ಕೂಡ ಮಾಡಿದೆ. ಕುಳ್ಳಯ್ಯನ ಕೈಲಿ ಆಗಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟ, ಟೀ ಕಾಯಿಸಿದ್ದನ್ನೂ ಬಿಡಲಿಲ್ಲ.

ಆ ತಾಯಿ ಎಲ್ಲ ಕೇಳಿಸಿಕೊಂಡರು. ಸೊಪ್ಪನ್ನು ಅಲ್ಲೇ ಇಟ್ಟರು. ಅವನ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿ ಕೇಳಿದರು.

"ಟೀ ಸಂದಾಕಿತ್ತಾ?"

ನಾನು ಮತ್ತೆ ತಲೆ ಬಗ್ಗಿಸಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು.